ಆಚೆಗೊಂದು ಬೆರಳು, ಈಚೆಗೊಂದು ಬೆರಳು

ಬೆಳಗಿನಿಂದ ಅವನು ಲೋಕದ ಸಮಸ್ತ ಕಾರುಗಳ ಹಿಂದಿನ ಸೀಟಿನ ಮೇಲೆ ಮಂಡಿಯೂರಿ ಮುಗಿಸಿದ್ದ. ಎಣಿಸುವ ಚಟದವರು ಆರೇ ಆರು ಕಾರು ಎನ್ನಬಹುದು. ಆದರೆ ಕಾರಿನ ಲೆಕ್ಕ ಬೇರೆ, ಮಂಡಿಯ ಲೆಕ್ಕ ಬೇರೆ. ಆರನೆಯದರೊಳಗೆ ತಲೆ ತಗ್ಗಿಸಿ, ಹಿಂಭಾಗವನ್ನು ಇಡೀ ಷೋರೂಮಿನ ಪ್ರದರ್ಶನಕ್ಕಿಟ್ಟು, ಸೀಟಿನ ಸಂದಿಯಲ್ಲಿ ಬೆಲ್ಟಿನ ಬಕಲ್ಲಿಗಾಗಿ ಕೈಯಾಡಿಸುತ್ತಿದ್ದಾಗ ಅವನಿಗೆ ಖಾತ್ರಿಯಾಯಿತು: ಕಾರು ಮಾಡುವವರು ಜನ್ಮದಲ್ಲಿ ಮಕ್ಕಳನ್ನು ನೋಡಿಲ್ಲ. ನೋಡಿದ್ದರೂ ಒಂದನ್ನು ನೋಡಿದ್ದಾರೆ, ಹೆಚ್ಚೆಂದರೆ ಎರಡನ್ನು. ಮೂರನೆಯ ಮಗು ಹುಟ್ಟುವ ಹೊತ್ತಿಗೆ ಅವರೆಲ್ಲ ಕೆಲಸ ಬಿಟ್ಟು ಓಡಿಹೋಗಿರಬೇಕು. ಸೀಟಿನ ಎರಡು ತುದಿಗೆ ಎರಡು ಪ್ಲೈವುಡ್ ಡಬ್ಬಗಳು ನಿಂತಿದ್ದವು, ನಡುವೆ ಉಳಿದ ಸಂದಿಯಲ್ಲಿ ಎತ್ತರಕ್ಕೆಂದು ಹಾಕುವ ಬೂಸ್ಟರ್ ಸೀಟು ಓರೆಯಾಗಿ ಸಿಕ್ಕಿಕೊಂಡಿತ್ತು, ಅದರ ಮೇಲೆ ತಮ್ಮನ ಮಗಳು ಓರೆಯಾಗಿ ಕೂತಿದ್ದಳು. ಐದೂವರೆ ವರ್ಷದ ಹುಡುಗಿ, ಕೈಯೆರಡನ್ನೂ ತೊಡೆಯ ಮೇಲೆ ಜೋಡಿಸಿಕೊಂಡು, ತುಟಿ ಬಿಗಿಹಿಡಿದು, ಫೋಟೋ ತೆಗೆಯುವವರ ಮುಂದೆ ಕೂತ ಹಾಗೆ. ಅವನ ಬೆರಳಿಗೆ ಬಕಲ್ಲು ಸಿಕ್ಕಿತು, ಜಾರಿತು, ಮತ್ತೆ ಸಿಕ್ಕಿತು, ಉಗುರಿನ ಸಮೇತ ಜಾರಿತು. "ಇಲ್ಲ," ಎಂದ. ಆ ಮಾತನ್ನು ಹೇಳುವಾಗ ತನ್ನ ಎದೆಯಲ್ಲಿ ಏನೋ ಒಂದು ಸಣ್ಣದಾಗಿ ಹಗುರಾದದ್ದು ಅವನಿಗೆ ತಿಳಿಯಿತು. ತಿಳಿದದ್ದೇ ತಡ, ಕಾರಿನ ಮೇಲೆ ಅಸಾಧ್ಯ ಸಿಟ್ಟು ಬಂತು.

"ಎಷ್ಟು ಕಮ್ಮಿ ಸರ್?" ಎಂದ ಹೊರಗೆ ನಿಂತಿದ್ದ ಟೈಯಿನವನು. ಕಾರು ಮಾರುವುದು ಅವನ ಕೆಲಸವಾದರೂ ಕಳೆದ ಮುಕ್ಕಾಲು ಗಂಟೆಯಿಂದ ಅವನು ಮಾಡಿದ್ದೆಂದರೆ ಬಾಗಿಲು ಹಿಡಿದು ನಿಲ್ಲುವುದು.

"ನಾಲ್ಕು ಸೆಂಟಿಮೀಟರು."

"ನಾಲ್ಕೇ ಅಲ್ವಾ ಸರ್. ಸ್ವಲ್ಪ ಒತ್ತಿದ್ರೆ..."

"ಮಕ್ಕಳ ವಿಷಯ ಇದು. ಒತ್ತೋಕೆ ಹಾಸಿಗೆಯೇನಪ್ಪ?"

ಟೈಯಿನವನು ಬಾಗಿಲನ್ನು ಇನ್ನೊಂದಿಷ್ಟು ಅಗಲ ತೆರೆದು ಹಿಡಿದ. ಅಳತೆಯ ವಿಷಯದಲ್ಲಿ ಈ ಗಿರಾಕಿಯೊಂದಿಗೆ ವಾದಕ್ಕಿಳಿದು ಗೆದ್ದವರು ಇನ್ನೂ ಹುಟ್ಟಿರಲಿಲ್ಲ. ಅವನು ಅಡುಗೆಮನೆ, ಮಲಗುವ ಕೋಣೆಗಳಿಗೆ ಕಪಾಟು ಮಾಡಿ ಕೂಡಿಸುವವನು. ಊರಿನವರು ಅವನಿಗೆ ಇಟ್ಟಿದ್ದ ಹೆಸರು ಕೂದಲೆಳೆ. ಕೂದಲೆಳೆಯಷ್ಟೂ ಆಚೀಚೆ ಆಗುವುದಿಲ್ಲ ಎಂದು ಅವನೇ ನೂರೆಂಟು ಸಲ ಹೇಳಿಕೊಂಡು ಆ ಹೆಸರನ್ನು ಗಳಿಸಿದ್ದ. ಎದುರುಮನೆಯ ಗೋಡೆ ವಾಲಿದೆಯೆಂದು ಅವನು ರಸ್ತೆಯ ಈಚೆಯಿಂದಲೇ ಹೇಳಿದ ಮೇಲೆ ಆ ಮನೆಯವರಿಗೆ ಗೊತ್ತಾಯಿತು. ಅಲ್ಲಿಯವರೆಗೆ ಗೋಡೆಗೂ ಗೊತ್ತಿರಲಿಲ್ಲ. ಅವನು ಕೂಡಿಸಿದ ಡ್ರಾಯರನ್ನು ಮಗು ಊದಿದರೂ ಮುಚ್ಚಿಕೊಳ್ಳುತ್ತದೆ, ಮುಚ್ಚಿದ ಮೇಲೆ ಇರುವೆ ಕೂಡ ಒಳಗೆ ಹೋಗಲು ಅರ್ಜಿ ಹಾಕಬೇಕು. ಇಷ್ಟೆಲ್ಲ ಇದ್ದೂ ಒಂದು ಹಾಳು ಕಾರಿನ ಹಿಂದಿನ ಸೀಟು ಬೆಳಗಿನಿಂದ ಅವನನ್ನು ಆರು ಸಲ ಸೋಲಿಸಿತ್ತು. ಡಬ್ಬಗಳನ್ನು ಕಂಕುಳಿಗೊಂದೊಂದು ಸಿಕ್ಕಿಸಿಕೊಂಡು ಹೊರಟಾಗ ಷೋರೂಮಿನ ಗಾಜಿನಲ್ಲಿ ಅವನಿಗೆ ತನ್ನ ರೂಪ ಕಂಡಿತು. ಮನೆ ಖಾಲಿ ಮಾಡಿಸಿಕೊಂಡವನ ಹಾಗಿದ್ದ. ಹಿಂದೆ ಹುಡುಗಿ ತನ್ನ ಬೂಸ್ಟರ್ ಸೀಟನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಬರುತ್ತಿದ್ದಳು. "ಕೊಡು, ನಾನು ತರ್ತೀನಿ," ಅನ್ನಬೇಕಾಗಿತ್ತು. ಕಂಕುಳು ಎರಡೇ ಇವೆ, ಎಂದು ಅವನು ಯಾರೂ ಕೇಳದ ಪ್ರಶ್ನೆಗೆ ಮನಸ್ಸಿನಲ್ಲೇ ಉತ್ತರ ಕೊಟ್ಟ.

ಡಬ್ಬಗಳದ್ದು ಅವನದೇ ಬುದ್ಧಿ. ಸ್ವಂತ ಮಕ್ಕಳು ಎರಡು: ಒಂದೂವರೆ ವರ್ಷದ ಚಿಕ್ಕದು, ನಾಲ್ಕು ವರ್ಷದ ಗುಂಡ. ಅವರ ಸೀಟುಗಳು ಹೆಂಡತಿಯ ಪುಟ್ಟ ಕಾರಿನಲ್ಲಿ ಬಿಗಿದುಕೊಂಡು ಕೂತಿವೆ, ಬಿಚ್ಚಿ ಮತ್ತೆ ಬಿಗಿಯುವುದೆಂದರೆ ಒಂದು ಯುದ್ಧ. ಅದಕ್ಕೇ ಅವುಗಳ ಅಗಲ ಅಳೆದು, ಅದೇ ಅಳತೆಗೆ ಎರಡು ಪ್ಲೈವುಡ್ ಡಬ್ಬ ಮಾಡಿಕೊಂಡರೆ ಅಂಗಡಿಯಿಂದ ಅಂಗಡಿಗೆ ಹೊತ್ತು ತಿರುಗಬಹುದು. ಕಾರ್ಖಾನೆಯ ಮೇಜಿನ ಮೇಲೆ ಗೀರು ಎಳೆಯುವಾಗ ಕೈ ತಾನಾಗಿ ಆಚೆಗೊಂದು ಬೆರಳು, ಈಚೆಗೊಂದು ಬೆರಳು ಬಿಟ್ಟಿತು. ಇಪ್ಪತ್ತು ವರ್ಷದಿಂದ ಆ ಕೈ ಮಾಡುತ್ತಿರುವುದೇ ಅದು. ಪೆಟ್ಟಿಗೆಯ ಪಕ್ಕದಲ್ಲಿ ಬೆರಳಗಲ ಗಾಳಿ ಇಲ್ಲದಿದ್ದರೆ ಮಳೆಗಾಲಕ್ಕೆ ಮರ ಉಬ್ಬಿ ಹಿಡಿದುಕೊಳ್ಳುತ್ತದೆ, ಎಳೆದರೆ ಬರುವುದಿಲ್ಲ. ಗೀರು ಎಳೆದು ಮುಗಿದ ಮೇಲೆ ಅವನು ಪೆನ್ಸಿಲನ್ನು ಕಿವಿಯ ಮೇಲಿಟ್ಟುಕೊಂಡು ಒಂದು ಗಳಿಗೆ ನಿಂತಿದ್ದ. ಮಗುವಿನ ಸೀಟು ಉಬ್ಬುವುದಿಲ್ಲ. ಅದು ಚೌಕವೂ ಅಲ್ಲ, ಕೆಳಗೆ ಕಿರಿದು, ಮೇಲೆ ಭುಜದ ಹತ್ತಿರ ಅಗಲ. ಇದೆಲ್ಲ ಅವನ ಕಣ್ಣಿಗೆ ಬಿದ್ದಿರಲಿಲ್ಲವೆಂದರೆ ಆ ಕಣ್ಣಿಗೆ ಅವಮಾನ. ಆದರೆ ಗರಗಸದ ಸ್ವಿಚ್ಚು ಒತ್ತಿಯಾಗಿತ್ತು, ಅದರ ಸದ್ದಿನಲ್ಲಿ ಯೋಚನೆ ಮುಂದುವರಿಯುವಂತಿರಲಿಲ್ಲ. ಎರಡು ಡಬ್ಬ ಮುಗಿಯುವ ಹೊತ್ತಿಗೆ ಹಲಗೆ ಮುಗಿಯಿತು. ಮೂರನೆಯದಕ್ಕೆ ಹಲಗೆ ಬೇಕಿಲ್ಲ, ತಮ್ಮನ ಮಗಳು ಹೇಗೂ ಬರುತ್ತಾಳಲ್ಲ, ಅವಳನ್ನೇ ಕೂರಿಸಿ ನೋಡಿದರಾಯಿತು. ಗೋಡೆಗೆ ಒರಗಿಸಿದ್ದ ಇನ್ನೊಂದು ಹಲಗೆಯ ಕಡೆ ಅವನು ನೋಡಲಿಲ್ಲ. ಅದು ಬೇರೆಯವರ ಅಡುಗೆಮನೆಗೆಂದು ತಂದದ್ದು.

ಅವನ ಕೆಲಸದ ವ್ಯಾನಿಗೆ ಮುಂದೆ ಎರಡೇ ಸೀಟು, ಹಿಂದೆಲ್ಲ ಮರದ ಪುಡಿ. ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿ ಬೆಲ್ಟು ಹಾಕಿದ.

"ಥ್ಯಾಂಕ್ಸ್ ದೊಡ್ಡಪ್ಪ."

ಇದೇ ಅವನಿಗೆ ತಡೆಯಲಾಗದ್ದು. ಮೂರು ತಿಂಗಳಲ್ಲಿ ಈ ಹುಡುಗಿ ಅವನಿಗೆ ಹೇಳಿದ ಥ್ಯಾಂಕ್ಸುಗಳನ್ನು ಒಟ್ಟುಮಾಡಿ ಗಂಟುಕಟ್ಟಿದರೆ ಎತ್ತಲು ಕ್ರೇನು ಬೇಕಾದೀತು. ಚಪ್ಪಲಿ ಹಾಕಿದರೆ ಥ್ಯಾಂಕ್ಸ್, ನೀರು ಕೊಟ್ಟರೆ ಥ್ಯಾಂಕ್ಸ್, ಗದರಿದರೂ ಥ್ಯಾಂಕ್ಸ್. ಅವನ ಸ್ವಂತ ಮಕ್ಕಳಿಗೆ ಆ ಪದವೇ ಗೊತ್ತಿಲ್ಲ. ಗುಂಡನಿಗಂತೂ ಅಪ್ಪನ ಬೆನ್ನು ಹತ್ತುವುದು ಮೆಟ್ಟಿಲು ಹತ್ತಿದಷ್ಟು ಸಲೀಸು. ಗುಂಡನನ್ನು ಎತ್ತಿಕೊಂಡು ತಿರುಗಿದರೆ ಸಾಕು, ಬಾಗಿಲ ಹತ್ತಿರ ಅವಳು ನಿಂತಿರುತ್ತಾಳೆ. ಏನೂ ಕೇಳುವುದಿಲ್ಲ. ಸುಮ್ಮನೆ ನೋಡುತ್ತಾಳೆ. ಇಳಿಸಿ ಅವಳನ್ನೂ ಎತ್ತಿಕೊಳ್ಳಬೇಕು, ಎತ್ತಿದರೆ ಮೈ ಮರಗಟ್ಟಿಸಿಕೊಂಡು ಕೂರುತ್ತಾಳೆ, ಇಳಿಸಿದರೆ ಥ್ಯಾಂಕ್ಸ್. ಬಿಸ್ಕತ್ತು ಮುರಿದರೆ ಚೂರು ಅಳೆಯಬೇಕು, ಬೈದರೆ ಬೈಗುಳ ಅಳೆಯಬೇಕು. ದಿನವಿಡೀ ಕಾರ್ಖಾನೆಯಲ್ಲಿ ಅಳೆದು ಬಂದವನು ಮನೆಯಲ್ಲೂ ಟೇಪು ಕೆಳಗಿಡುವಂತಿಲ್ಲ. ತೂಕದಿಂದ ತೋಳು ಸೋಲುವುದನ್ನು ಅವನು ಬಲ್ಲ. ನ್ಯಾಯದಿಂದಲೂ ತೋಳು ಸೋಲುತ್ತದೆ ಎಂದು ಯಾರ ಮುಂದೆ ಹೇಳುವುದು? ತಮ್ಮನ ಮುಂದೆ ಹೇಳುವಂತಿಲ್ಲ. ತಮ್ಮ ಹಡಗಿನ ಕೆಲಸದವನು, ಹೆಂಡತಿ ಬಿಟ್ಟುಹೋದ ಮೇಲೆ ಮಗಳನ್ನು ತಂದು, "ಅಣ್ಣಾ, ನಿನ್ನ ಹತ್ರ ಇದ್ರೆ ನಂಗೆ ನಿದ್ದೆ ಬರುತ್ತೆ," ಅಂದು ಹಡಗು ಹತ್ತಿದ. ಈಗ ಯಾವ ಸಮುದ್ರದಲ್ಲೋ ಚೆನ್ನಾಗಿ ನಿದ್ದೆ ಮಾಡುತ್ತಿರಬೇಕು. ಚಿಕ್ಕಂದಿನಲ್ಲೂ ಅವನದು ಅದೇ ನಿದ್ದೆ. ಬಸ್ಸಿನಲ್ಲಿ ಇಬ್ಬರ ಸೀಟು. ಕಿಟಕಿಗೆ ಅಕ್ಕ, ಅಮ್ಮನ ತೊಡೆಯ ಮೇಲೆ ತಮ್ಮ ಬಾಯಿ ತೆರೆದು ನಿದ್ದೆ. "ನೀನು ದೊಡ್ಡವನಲ್ವೇನೋ, ನಿಂತ್ಕೋ," ಎಂದಳು ಅಮ್ಮ. ದೊಡ್ಡವನಿಗೆ ಆಗ ಆರು ವರ್ಷ. ಯಾರದೋ ಚೀಲ ಮುಖಕ್ಕೆ ಉಜ್ಜುತ್ತಿತ್ತು, ತಿರುವಿನಲ್ಲೆಲ್ಲ ಅವನು ಕಂಬ ಸಿಗದೆ ಚೀಲವನ್ನೇ ಹಿಡಿದುಕೊಂಡ, ಚೀಲದವನು ಕೈ ತೆಗೆಸಿದ. ಅಕ್ಕ ಕಿಟಕಿಯಿಂದ ತಿರುಗಿ ಒಮ್ಮೆ ನೋಡಿದಳು, ಎಲ್ಲ ಸರಿಯಾಗಿದೆ ಎಂಬಂತೆ ಮತ್ತೆ ಹೊರಗೆ ನೋಡಿದಳು.

"ಕೆಂಪು ದೀಪ ದೊಡ್ಡಪ್ಪ."

ಅವನು ಬ್ರೇಕು ಒತ್ತಿದ. ಹಿಂದೆ ಡಬ್ಬಗಳು ದಡದಡ ಉರುಳಿದವು.

"ನಂಗೆ ಕಾಣ್ಸುತ್ತೆ," ಎಂದ.

"ಸಾರಿ."

"ಸಾರಿ ಯಾಕೆ? ನೀನು ಹೇಳಿದ್ದು ಒಳ್ಳೇದೇ ಆಯ್ತು."

"ಥ್ಯಾಂಕ್ಸ್."

ಅವನು ಸ್ಟೀರಿಂಗನ್ನು ಎಷ್ಟು ಬಿಗಿಯಾಗಿ ಹಿಡಿದನೆಂದರೆ ಅದು ಸ್ವಲ್ಪ ಸಣ್ಣದಾಗಿರಲೂ ಸಾಕು.

ಅಕ್ಕನೇ ಗಡುವು ಹಾಕಿದ್ದಳು. ಇನ್ನೊಂದು ಊರಿನಲ್ಲಿ ಅವಳಿಗೆ ಮನೆ, ಮನೆಯೊಳಗೆ ಇಬ್ಬರೇ ಜನ, ಪ್ರತಿಯೊಂದು ಕುರ್ಚಿಗೂ ಕವರು, ಕವರಿಗೂ ಕವರು. ತಮ್ಮ ಮೊದಲು ಮಗಳನ್ನು ಬಿಟ್ಟಿದ್ದೇ ಅಲ್ಲಿ. ನಾಲ್ಕು ವಾರದಲ್ಲಿ ಹುಡುಗಿ ನಡೆಯುವಾಗ ಸದ್ದಾಗದಂತೆ ನಡೆಯುವುದನ್ನು ಕಲಿತುಬಂದಳು; ಈಗಲೂ ಮನೆಯಲ್ಲಿ ಅವಳು ಹಿಂದೆ ನಿಂತಿರುವುದು ತಿರುಗಿದ ಮೇಲೇ ತಿಳಿಯುವುದು. ಹೆಂಡತಿಯೇ ಹಟ ಹಿಡಿದು ತಮ್ಮನಿಂದ ಇಲ್ಲಿಗೆ ಕರೆಸಿಕೊಂಡಿದ್ದಳು. ಆದರೆ ಹೆಂಡತಿಗೆ ಕೆಲಸ ರಕ್ತ ಪರೀಕ್ಷೆಯ ಪ್ರಯೋಗಾಲಯದಲ್ಲಿ. ಬೆಳಿಗ್ಗೆ ಏಳೂವರೆಗೆ ಹೊಟ್ಟೆ ಖಾಲಿ ಇಟ್ಟುಕೊಂಡು ಬಂದವರು ಸಾಲುಗಟ್ಟಿ ಕೂತಿರುತ್ತಾರೆ, ಸೂಜಿ ಹಿಡಿಯುವವಳು ಬಂದಿಲ್ಲ ಎಂದರೆ ಹಸಿದವರು ಸೂಜಿಯಿಲ್ಲದೆಯೇ ರಕ್ತ ತೆಗೆಯಲು ಸಿದ್ಧರಾಗುತ್ತಾರೆ. ಅವಳ ಕಾರಿನಲ್ಲಿ ಎರಡೇ ಸೀಟು ಹಿಡಿಸುವುದು. ಮೊದಲು ಚಿಕ್ಕದನ್ನೂ ಗುಂಡನನ್ನೂ ಬಿಟ್ಟು, ವಾಪಸ್ಸು ಬಂದು, ಹುಡುಗಿಯನ್ನು ಶಾಲೆಗೆ ಬಿಟ್ಟು ಓಡುವಷ್ಟರಲ್ಲಿ ಎಂಟು. ಕಪಾಟು ಕೂಡಿಸುವವನು ಬೆಳಕು ಹರಿಯುವ ಮೊದಲೇ ಊರಾಚೆಯ ಮನೆಗಳಿಗೆ ಹೋಗಬೇಕು, ಅವನಿಂದಾಗದು. ಪ್ರಯೋಗಾಲಯದ ಮೇಲಿನವರು ಎರಡು ಸಲ ಕರೆದು ಹೇಳಿದ್ದರು. ಮೂರನೆಯ ಸಲ ಕರೆಯುವುದಿಲ್ಲ, ಕಾಗದ ಕಳಿಸುತ್ತಾರೆ. ಇದನ್ನೆಲ್ಲ ಫೋನಿನಲ್ಲಿ ಕೇಳಿಸಿಕೊಂಡ ಅಕ್ಕ, "ನೋಡೋ, ಮೂರೂ ಮಕ್ಕಳು ಹಿಡಿಸೋ ಗಾಡಿ ಶನಿವಾರದೊಳಗೆ ಸಿಕ್ತು ಅಂದ್ರೆ ಸರಿ. ಇಲ್ಲಾಂದ್ರೆ ಭಾನುವಾರ ನಾನು ಬಂದು ಕರ್ಕೊಂಡು ಹೋಗ್ತೀನಿ. ನಿನ್ನ ಹೆಂಡ್ತಿ ಕೆಲ್ಸ ಹೋದ್ರೆ ನಾಳೆ ನನ್ನೇ ಅಂತೀರ," ಎಂದಿದ್ದಳು. ಇವತ್ತು ಶನಿವಾರ. ಹುಡುಗಿಯ ಬಟ್ಟೆಗಳು ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಮಡಿಚಿಟ್ಟೇ ಇದ್ದವು. ಕಪಾಟು ಮಾಡುವವನ ಮನೆಯಲ್ಲಿ ಮೂರು ತಿಂಗಳಿಂದ ಅವಳಿಗೊಂದು ಕಪಾಟು ಆಗಿರಲಿಲ್ಲ.

ಮಧ್ಯಾಹ್ನ ನಾಲ್ಕನೆಯ ಷೋರೂಮಿನಲ್ಲಿ ಏಳು ಜನರ ಗಾಡಿಯೊಂದನ್ನು ನೋಡಿದ್ದರು. ಅದು ಗಾಡಿಯಲ್ಲ, ಚಕ್ರ ಹಚ್ಚಿದ ಕಲ್ಯಾಣಮಂಟಪ. ಮೂರು ಸಾಲು ಸೀಟು. ಹೆಂಡತಿಗೆ ಫೋನಿನಲ್ಲಿ ಹೇಳಿದಾಗ ಅವಳು, "ಹಾಗಿದ್ರೆ ಮುಗೀತಲ್ಲ," ಎಂದಳು, ಅವನ ಎದೆ ಧಸಕ್ಕೆಂದಿತು. ಧಸಕ್ಕೆಂದದ್ದು ಬೆಲೆಗೆ ಎಂದುಕೊಂಡ. ಆಮೇಲೆ ಅವನ ಕಣ್ಣೇ ದಾರಿ ತೋರಿಸಿತು: ನಡುಸಾಲಿನಲ್ಲಿ ಮಕ್ಕಳ ಸೀಟು ಬಿಗಿದರೆ ಅದನ್ನು ಮಡಚುವಂತಿಲ್ಲ, ಮಡಚದೆ ಕೊನೆಯ ಸಾಲಿಗೆ ಹೋಗುವಂತಿಲ್ಲ. ಗೆದ್ದವನ ದನಿಯಲ್ಲಿ ಇದನ್ನು ವಿವರಿಸುತ್ತಿದ್ದಾಗ ಮಾರುವವಳು, ಒಳ್ಳೆಯ ಹೆಂಗಸು, ನಕ್ಕು, "ದೊಡ್ಡ ಮಗು ಡಿಕ್ಕಿಯಿಂದ ಹತ್ತಬಹುದು ಸರ್, ತುಂಬ ಜನ ಹಾಗೇ ಮಾಡ್ತಾರೆ," ಎಂದಳು. ಅವನು ಬಾಯಿ ತೆರೆಯುವ ಮೊದಲೇ ಹುಡುಗಿ ಡಿಕ್ಕಿಯ ಹತ್ತಿರ ಹೋಗಿ ನಿಂತಿದ್ದಳು. ಮಂಡಿಯನ್ನು ಬಂಪರಿನ ಮೇಲಿಟ್ಟು, ಗೌನನ್ನು ಒಂದು ಕೈಯಲ್ಲಿ ಸರಿಮಾಡಿಕೊಳ್ಳುತ್ತ, "ನಂಗೆ ಬರುತ್ತೆ," ಎಂದಳು. ಸೂಟ್‌ಕೇಸು ಇಡುವ ಜಾಗ. ಹತ್ತಿ ಒಳಗೆ ಕೂತು ಅವನ ಕಡೆ ನೋಡಿದಳು. "ಕೆಳಗಿಳಿ," ಎಂದು ಅವನು ಅರಚಿದ ರಭಸಕ್ಕೆ ಷೋರೂಮಿನಲ್ಲಿದ್ದವರೆಲ್ಲ ತಿರುಗಿದರು, ಕಾರುಗಳೂ ತಿರುಗಿದಂತೆ ಅವನಿಗೆ ಕಂಡಿತು. ಅವಳು ಇಳಿದು, ಬಂಪರಿನ ಮೇಲೆ ತನ್ನ ಮಂಡಿಯ ಗುರುತಿದ್ದ ಕಡೆ ಗೌನಿನ ಅಂಚಿನಿಂದ ಒರೆಸಿದಳು.

ಕೊನೆಗೆ ಉಳಿದದ್ದು ಹಳೆ ಗಾಡಿ ಮಾರುವ ಅಂಗಳ. ಕಬ್ಬಿಣದ ಗೇಟು, ತಗಡಿನ ಚಪ್ಪರ, ಅದರ ಕೆಳಗೆ ಸಾಲಾಗಿ ನಿಂತ ಗಾಡಿಗಳ ಗಾಜಿನ ಮೇಲೆ ಸುಣ್ಣದಲ್ಲಿ ಬರೆದ ಬೆಲೆ. ಅಂಗಳದ ಯಜಮಾನನಿಗೆ ಇದ್ದ ಮೀಸೆ ಎಂಥದೆಂದರೆ ಅದನ್ನು ಸಂಭಾಳಿಸಲು ಹಿಂದೆ ಒಬ್ಬ ಮನುಷ್ಯ ಬೇಕಾಗಿತ್ತು, ಅವನೇ ಈ ಯಜಮಾನ. ಮೂರು ಮಕ್ಕಳ ಮಾತು ಕೇಳಿ ಅವನು ನೇರವಾಗಿ ಒಂದು ಗಾಡಿಯ ಹತ್ತಿರ ಕರೆದೊಯ್ದ. ಡಬ್ಬದಂಥ ಗಾಡಿ, ಕಂದೂ ಅಲ್ಲದ ಹಸಿರೂ ಅಲ್ಲದ ಅದರ ಬಣ್ಣಕ್ಕೆ ಹೆಸರಿಡಲು ಕೂತವರು ಅರ್ಧಕ್ಕೇ ಎದ್ದುಹೋಗಿರಬೇಕು.

"ಹಿಂದಿನ ಓನರ್ರು ಬ್ಯಾಂಡಿನವರು ಸರ್. ಇದರ ಹಿಂದಿನ ಸೀಟಲ್ಲಿ ಮೂರು ಜನ, ಮೂರು ಜನರ ತೊಡೆ ಮೇಲೆ ಒಂದೊಂದು ನಗಾರಿ. ಒಂದಿನ ಯಾರೂ ಕೊಸರಾಡ್ಲಿಲ್ಲ."

"ನಗಾರಿಗೆ ಬೆಲ್ಟು ಹಾಕ್ತಿದ್ರಾ?"

"ಸರ್ ಬಹಳ ಕಟ್ಟುನಿಟ್ಟು," ಎಂದು ಮೀಸೆ ಹುಡುಗಿಗೆ ಹೇಳಿತು.

ಅವನು ಡಬ್ಬಗಳನ್ನು ಇಳಿಸಿ ತಂದ. ಸೀಟು ಅಳೆದ: ನೂರಾ ಮೂವತ್ತಮೂರು. ಇದುವರೆಗಿನದರಲ್ಲಿ ಅತಿ ಅಗಲ. ಆ ಸಂಖ್ಯೆ ನೋಡಿ ಅವನ ಮನಸ್ಸು ತನಗೆ ಗೊತ್ತಿಲ್ಲದಂತೆ ಕೂಡಿ ಕಳೆದು ಉತ್ತರ ತಂದುಕೊಟ್ಟಿತು, ಮೂರು ಕಡಿಮೆ, ಇನ್ನೂ ಮೂರು ಕಡಿಮೆ. ಆದರೂ ಡಬ್ಬಗಳನ್ನಿಟ್ಟ, ಬೂಸ್ಟರ್ ಸೀಟನ್ನು ನಡುವೆ ತುರುಕಿದ, "ಕೂತ್ಕೋ," ಎಂದ. ಹುಡುಗಿ ಮುಂದಿನ ಸೀಟುಗಳ ನಡುವಿನಿಂದ ತೂರಿಕೊಂಡು ಹೋಗಿ ಕೂತಳು. ಓರೆ. ಅವನು ಬಗ್ಗಿ ಬಕಲ್ಲಿಗೆ ಕೈ ಹಾಕಿದ. ಡಬ್ಬದ ಅಂಚು ಮಣಿಕಟ್ಟನ್ನು ಗೀಚಿತು. ಅದೇ ಹೊತ್ತಿಗೆ ಹೆಂಡತಿಯ ಪುಟ್ಟ ಕಾರು ಗೇಟಿನೊಳಗೆ ಬಂತು. ಒಳಗೆ ಗುಂಡ ಒಂದು ರಾಗದಲ್ಲಿ, ಚಿಕ್ಕದು ಇನ್ನೊಂದು ರಾಗದಲ್ಲಿ ಕೂಗುತ್ತಿದ್ದರು. ಬ್ಯಾಂಡಿನವರು ಗಾಡಿ ವಾಪಸ್ಸು ಕೇಳಲು ಬಂದರೇನೋ ಎಂಬಂತೆ ಮೀಸೆ ತಿರುಗಿ ನೋಡಿತು.

"ಏನ್ರೀ, ಆಯ್ತಾ?" ಹೆಂಡತಿ ಚಿಕ್ಕದನ್ನು ಸೊಂಟಕ್ಕೇರಿಸಿಕೊಂಡು ಬಂದಳು. ಬೆಳಗಿನ ಪಾಳಿ ಮುಗಿಸಿ, ಇಬ್ಬರನ್ನೂ ಕಟ್ಟಿಕೊಂಡು ಬಂದವಳ ಮುಖದಲ್ಲಿ ನಾಲ್ಕು ದಿನದ ದಣಿವಿತ್ತು.

"ಇಲ್ಲ. ಮೂರು ಸೆಂಟಿಮೀಟರು."

"ಇದರಲ್ಲೂ?"

"ನಾನೇನು ಮಾಡ್ಲಿ? ಗಾಡೀನ ಹಿಗ್ಗಿಸ್ಲಾ?"

ಅವಳು ಬಾಗಿಲಿನೊಳಗೆ ತಲೆ ಹಾಕಿದಳು. ಹುಡುಗಿಯನ್ನು ನೋಡಿದಳು, ಎರಡು ಕಡೆಯ ಡಬ್ಬಗಳನ್ನು ನೋಡಿದಳು. ದಿನಕ್ಕೆ ನೂರು ತೋಳಿನಲ್ಲಿ ಕಾಣದ ನರ ಹುಡುಕುವ ಕಣ್ಣು ಅವಳದು. ಅವನು ಅದನ್ನು ಯಾವಾಗಲೂ ಸ್ವಲ್ಪ ಕಡೆಗಣಿಸಿಯೇ ಬಂದಿದ್ದ.

"ಇವು ಇಷ್ಟು ಅಗಲ ಇದಾವಾ ನಮ್ಮ ಸೀಟು?"

"ಅಳತೆ ತಗೊಂಡೇ ಮಾಡಿದ್ದು."

"ಅದು ಗೊತ್ತು. ಎಷ್ಟು ಬಿಟ್ಟಿದೀರ?"

"ಏನು?"

"ಪಕ್ಕಕ್ಕೆ. ಎಲ್ಲದಕ್ಕೂ ಬಿಡ್ತೀರಲ್ಲ."

ಅವನು ಮಣಿಕಟ್ಟು ಉಜ್ಜಿಕೊಂಡ. "ಆಚೆಗೊಂದು ಬೆರಳು, ಈಚೆಗೊಂದು ಬೆರಳು."

"ಯಾಕೆ?"

"ಬೇಕಾಗುತ್ತೆ. ತೆಗೆಯೋಕೆ, ಹಾಕೋಕೆ. ಗಾಳಿ ಬೇಡ್ವಾ?"

"ಮಕ್ಕಳೇನು ಡ್ರಾಯರೇನ್ರಿ?"

ಮೀಸೆ ಕೆಮ್ಮಿತು. ಅವನಿಗೆ ಇಡೀ ಅಂಗಳದ ಗಾಡಿಗಳೆಲ್ಲ ಹೆಡ್‌ಲೈಟು ಬಿಟ್ಟುಕೊಂಡು ತನ್ನನ್ನೇ ನೋಡಿದಂತಾಯಿತು. ಇಪ್ಪತ್ತು ವರ್ಷದ ಕೈ. ಅಭ್ಯಾಸ. ಯಾವ ಕಪಾಟಿನವನನ್ನು ಬೇಕಾದರೂ ಕೇಳಿ, ಇದನ್ನೇ ಮಾಡುತ್ತಿದ್ದ. ಹಾಗೆ ಹೇಳಲು ಬಾಯಿ ತೆರೆದ, ಆದರೆ ಹೆಂಡತಿ ಇನ್ನೂ ಒಳಗೇ ನೋಡುತ್ತಿದ್ದಳು.

"ಗುಂಡಂಗೆ ಎರಡು ಬೆರಳು, ಚಿಕ್ಕದಕ್ಕೆ ಎರಡು ಬೆರಳು," ಎಂದಳು ಮೆಲ್ಲಗೆ, ಮೀಸೆಗೆ ಕೇಳಿಸದ ಹಾಗೆ. "ಇವಳಿಗೆ ಎಷ್ಟು ಬಿಟ್ರಿ?"

ಇಲ್ಲದ ಮೂರನೆಯ ಡಬ್ಬ ಎಲ್ಲಿಂದಲೋ ಬಂದು ಅವರಿಬ್ಬರ ನಡುವೆ ಕೂತಿತು, ಅಳತೆಗೆ ಸರಿಯಾಗಿ, ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ. ಗೋಡೆಗೆ ಒರಗಿಸಿದ್ದ ಹಲಗೆ, ಗರಗಸದ ಸದ್ದು, ಏಳು ಸಲ ಹೇಳಿದ ಇಲ್ಲ, ಪ್ರತಿ ಸಲವೂ ಎದೆಯಲ್ಲಿ ಹಗುರಾದ ಆ ಚೂರು. ಅವಳಿಗೆ ಅದೆಲ್ಲ ಕಾಣಿಸಿಬಿಟ್ಟಿದೆ, ತೋಳು ಬಿಗಿದು ಬೆರಳಿಂದ ತಟ್ಟಿದ ಕೂಡಲೇ ಎದ್ದ ನರದ ಹಾಗೆ. ಅವಳು ಚುಚ್ಚಲಿ ಎಂದು ಅವನು ಕಾದ. ಚುಚ್ಚಿದ್ದರೆ ಸಿಟ್ಟಾದರೂ ಮಾಡಬಹುದಿತ್ತು.

ಅವಳು ಚಿಕ್ಕದನ್ನು ಅವನ ತೋಳಿಗೆ ಸುರಿದು, "ಹಿಡ್ಕೊಳ್ಳಿ," ಎಂದು ತನ್ನ ಕಾರಿನ ಕಡೆ ಹೋದಳು. ಗುಂಡನನ್ನು ಇಳಿಸಿದಳು. ಬಿಚ್ಚುವುದೆಂದರೆ ಯುದ್ಧ ಎಂದು ಅವನು ಸಾರಿಕೊಂಡು ಬಂದಿದ್ದ ಆ ಸೀಟುಗಳನ್ನು ಅವಳು ಎರಡು ಗುಂಡಿ ಒತ್ತಿ, ಒಂದು ಮಂಡಿ ಕೊಟ್ಟು, ಎಳೆದು ಹೊರಗೆ ಹಾಕಿದಳು. ಒಂದರ ಕೆಳಗಿನಿಂದ ಬಿಸ್ಕತ್ತು ಚೂರು, ಒಂದು ಕಾಲುಚೀಲ, ಚಮಚ ಉದುರಿದವು. ಅಂಗಳದುದ್ದಕ್ಕೂ ಎಳೆದುಕೊಂಡು ಬಂದು, "ಆ ಡಬ್ಬ ತೆಗೀರಿ," ಎಂದಳು. ಮೀಸೆಯೇ ತೆಗೆದು ನೆಲಕ್ಕಿಟ್ಟಿತು. ಹುಡುಗಿ ತಾನಾಗಿ ಇಳಿದು, ಬೂಸ್ಟರನ್ನು ಅಪ್ಪಿಕೊಂಡು, ದಾರಿ ಬಿಟ್ಟು ನಿಂತಳು.

ಚಿಕ್ಕದರ ಸೀಟು ಒಂದು ಬಾಗಿಲಿಗೆ, ಹಿಂದುಮುಂದಾಗಿ. ಗುಂಡನದು ನಡುವೆ. ಚಿಕ್ಕದರ ಸೀಟಿನ ಅಗಲದ ಭಾಗ ಮುಂದಕ್ಕೆ ಬಂತು, ಗುಂಡನದರ ಅಗಲದ ಭಾಗ ಹಿಂದಕ್ಕೆ ಹೋಯಿತು. ಒಂದರ ಭುಜ ಇನ್ನೊಂದರ ಸೊಂಟದ ಪಕ್ಕದಲ್ಲಿ ಸುಮ್ಮನೆ ಕೂತಿತು. ಅವನ ಬೆರಳುಗಳು ಜಾಗ ಕೇಳಲು ಹೋಗಿ ವಾಪಸ್ಸು ಬಂದವು. ಹೆಂಡತಿ ಮಂಡಿ ಊರಿ ಬೆಲ್ಟು ಎಳೆದಳು. ಆಚೆ ಬಾಗಿಲಿನ ಪಕ್ಕ, ಕಿಟಕಿಯ ಹತ್ತಿರ, ಒಂದು ಬೂಸ್ಟರಿಗೆ ಎಷ್ಟು ಬೇಕೋ ಅಷ್ಟು ಜಾಗ ಉಳಿಯಿತು. ಚಿಲ್ಲರೆಯೂ ಉಳಿಯಿತು. ಬೆಳಗಿನಿಂದ ಅವನು ಒಮ್ಮೆಯೂ ಹುಡುಗಿಯನ್ನು ಕಿಟಕಿಯ ಪಕ್ಕ ಕೂರಿಸಿ ನೋಡಿರಲಿಲ್ಲ. ನಡುವೆಯೇ ಎಂದು ಯಾರು ಹೇಳಿದ್ದರು?

"ಬ್ಯಾಂಡಿನವರೂ ಹೀಗೇ ಮಾಡ್ತಿದ್ರು," ಎಂದಿತು ಮೀಸೆ, ಯಾರೂ ಕೇಳದಿದ್ದರೂ. "ಒಂದು ನಗಾರಿ ಮುಂದೆ ಮುಖ, ಒಂದು ಹಿಂದೆ ಮುಖ."

ಹೆಂಡತಿಯ ಫೋನು ಹೊಡೆದುಕೊಂಡಿತು. ಅವಳು ಹೆಸರು ನೋಡಿದಳು, ಎತ್ತಲಿಲ್ಲ; ಅವನ ಕಡೆ ಚಾಚಿದಳು. "ನಿಮ್ಮಕ್ಕ. ನೀವೇ ಹೇಳಿ." ಚಿಕ್ಕದನ್ನು ವಾಪಸ್ಸು ಇಸಿದುಕೊಂಡು, ಗುಂಡನ ಕೈ ಹಿಡಿದು, ಡಬ್ಬಗಳ ಪಕ್ಕದಲ್ಲಿ ಹೋಗಿ ನಿಂತಳು. ಏನು ಹೇಳಬೇಕೆಂದು ಅವಳು ಹೇಳಲಿಲ್ಲ. ಅಷ್ಟರಮಟ್ಟಿಗೆ ಅವನಿಗೆ ಜಾಗ ಬಿಟ್ಟಳು, ಅದು ಅವನು ಬೇಡಿದ್ದಕ್ಕಿಂತ ಹೆಚ್ಚು.

ಅವನು ಫೋನನ್ನು ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡು ಬೂಸ್ಟರನ್ನು ಕಿಟಕಿಯ ಪಕ್ಕ ಇಟ್ಟ. "ಬಾ," ಎಂದು ಹುಡುಗಿಗೆ ಕೈ ಕೊಟ್ಟ. ಅವಳು ಕೈ ಹಿಡಿಯದೆ, ಎಲ್ಲೂ ತಾಗದ ಹಾಗೆ ಹತ್ತಿ ಕೂತಳು.

"ಏನಾಯ್ತೋ?" ಅಕ್ಕನ ದನಿ ಕವರಿನೊಳಗಿನಿಂದ ಬಂದ ಹಾಗೆ ಬಂತು. "ನಾಳೆ ಬೆಳಿಗ್ಗೆ ಹೊರಡ್ಬೇಕೋ ಬೇಡ್ವೋ, ಒಂದು ಮಾತು ಹೇಳು. ಡ್ರೈವರಿಗೆ ಹೇಳ್ಬೇಕು."

"ನೋಡ್ತಾ ಇದೀನಿ."

"ಬೆಳಗಿಂದ ನೋಡ್ತಾನೇ ಇದೀಯಲ್ಲ. ಮೂರು ಮಕ್ಕಳು ಅಂದ್ರೆ ಸುಮ್ನೆನಾ. ಹಿಡಿಸಲ್ಲ ಅಂದ್ರೆ ಹಿಡಿಸಲ್ಲ, ನಿನ್ನ ತಪ್ಪೇನಿದೆ ಅದ್ರಲ್ಲಿ?"

ನಿನ್ನ ತಪ್ಪೇನಿದೆ. ಎಷ್ಟು ನುಣುಪಾದ ಮಾತು, ಅವನೇ ಉಜ್ಜಿ ಪಾಲಿಶ್ ಹೊಡೆದ ಹಾಗೆ. ಈಗಲೂ ಹೇಳಬಹುದು. ಹಿಡಿಸಿತು, ಆದರೆ ಗಾಡಿ ಹಳೆಯದು. ಹಿಡಿಸಿತು, ಆದರೆ ಎಂಜಿನು ಸರಿಯಿಲ್ಲ. ಹಿಡಿಸಿತು ಎಂಬುದರ ಮುಂದೆ ಹಾಕಲು ಲೋಕದಲ್ಲಿ ಆದರೆಗಳಿಗೇನು ಬರ. ಅವನು ಬಗ್ಗಿ ಬೆಲ್ಟನ್ನು ಹುಡುಗಿಯ ಎದೆಯ ಮೇಲೆ ಎಳೆದ. ಬಕಲ್ಲು ಎದುರಿಗೇ ಇತ್ತು, ಹುಡುಕಬೇಕಾಗಿರಲಿಲ್ಲ. ಕ್ಲಿಕ್ಕೆಂದಿತು. ಬೆಳಗಿನಿಂದ ಯಾವ ಹಿಂದಿನ ಸೀಟಿನಲ್ಲೂ ಕೇಳದ ಆ ಸದ್ದಿಗೆ ಅವನು ತಲೆಯೆತ್ತಿದ, ಅವಳ ಮುಖ ಅವನ ಮುಖಕ್ಕೆ ಒಂದು ಗೇಣಿನಲ್ಲಿತ್ತು.

ಕೆಂಪಗಾಗಿತ್ತು. ಕೆಂಪು ದಾಟಿ ಇನ್ನೇನೋ ಆಗುತ್ತಿತ್ತು. ಭುಜಗಳೆರಡನ್ನೂ ಅವಳು ಕಿವಿಯ ಹತ್ತಿರಕ್ಕೆ ಎಳೆದುಕೊಂಡು ಒಂದಕ್ಕೊಂದು ತಾಗಿಸಲು ಹೊರಟವಳ ಹಾಗೆ ಒಳಕ್ಕೆ ಒತ್ತಿದ್ದಳು. ಮೊಣಕೈಗಳು ಹೊಟ್ಟೆಯೊಳಗೆ. ಹೊಟ್ಟೆ ಬೆನ್ನಿಗೆ. ತುಟಿ ಬಿಗಿಯಾಗಿತ್ತು, ಮೂಗಿನ ಹೊಳ್ಳೆಗಳು ಅಲುಗುತ್ತಿರಲಿಲ್ಲ. ಸಿಡುಕು ಎಂದುಕೊಂಡಿದ್ದ ಅವನು, ಫೋಟೋ ಠೀವಿ ಎಂದುಕೊಂಡಿದ್ದ. ಏಳು ಗಾಡಿ. ಪ್ರತಿಯೊಂದರಲ್ಲೂ ಅವನು ಬಗ್ಗಿ, ಹುಡುಕಿ, ಬೈದು, ಅಳೆದು, ಇಲ್ಲ ಎನ್ನುವಷ್ಟು ಹೊತ್ತೂ ಇವಳು ಉಸಿರು ಹಿಡಿದುಕೊಂಡು ಸಣ್ಣಗಾಗಿ ಕೂತಿದ್ದಳು. ಗೋಡೆ ವಾಲಿದ್ದು ಕಂಡ ಕಣ್ಣಿಗೆ ಇದು ಕಂಡಿರಲಿಲ್ಲ.

"ಉಸಿರು ಬಿಡು," ಎಂದ.

"ಏನೋ? ಯಾರಿಗೆ ಹೇಳ್ತಿದೀಯ?" ಎಂದಳು ಅಕ್ಕ.

ಹುಡುಗಿ ಅಲುಗಲಿಲ್ಲ. ಕಣ್ಣು ಮಾತ್ರ ಅವನ ಕಿವಿಯ ಹತ್ತಿರದ ಫೋನಿಗೆ ಹೋಗಿ, ಅವನ ಕೈಯಲ್ಲಿದ್ದ ಟೇಪಿಗೆ ಬಂದು, ನಿಂತಿತು. ತುಟಿಯ ಸಂದಿಯಿಂದ, ಇದ್ದ ಗಾಳಿಯನ್ನು ಆದಷ್ಟೂ ಖರ್ಚು ಮಾಡದೆ, ಕೇಳಿದಳು:

"ಅಳತೆ ಮುಗೀತಾ ದೊಡ್ಡಪ್ಪ?"

"ಮುಗೀತು." ಅವನ ದನಿ ಅವನದಾಗಿ ಕೇಳಿಸಲಿಲ್ಲ. "ಮುಗೀತು. ಬಿಡು."

"ಏನು ಮುಗೀತು? ಹಿಡಿಸ್ತೋ ಇಲ್ವೋ ಹೇಳೋ ಮಾರಾಯ."

"ಬರ್ಬೇಡ ಅಕ್ಕ," ಎಂದ ಅವನು. ಹುಡುಗಿಯ ಮುಖದಿಂದ ಕಣ್ಣು ತೆಗೆಯದೆ ಇನ್ನೊಮ್ಮೆ ಹೇಳಿದ, ಈ ಸಲ ಸ್ವಲ್ಪ ಜೋರಾಗಿ, ಯಾರಿಗೆ ಕೇಳಬೇಕೋ ಅವರಿಗೆ ಕೇಳುವ ಹಾಗೆ. "ನಾಳೆ ಬರ್ಬೇಡ. ಇಲ್ಲೇ ಇರ್ತಾಳೆ."

ಅಕ್ಕ ಇನ್ನೂ ಏನೋ ಹೇಳುತ್ತಿದ್ದಳು. ಹುಡುಗಿ ಅವನನ್ನು ನೋಡಿದಳು, ಮಾತನ್ನು ಎರಡು ಕಡೆಯಿಂದಲೂ ಅಳೆಯುವವಳ ಹಾಗೆ. ಭುಜ ಒಂದಿಷ್ಟು ಕೆಳಗಿಳಿಯಿತು. ಥ್ಯಾಂಕ್ಸ್ ಎನ್ನುತ್ತಾಳೆಂದು ಅವನು ಹಲ್ಲು ಕಚ್ಚಿ ಕಾದ, ಅವಳು ಅನ್ನಲಿಲ್ಲ. ಮೂಗಿನಿಂದ ಸದ್ದಿಲ್ಲದೆ ಅರ್ಧ ಉಸಿರು ಬಿಟ್ಟಳು. ಉಳಿದರ್ಧವನ್ನು ಗಾಡಿ ಹೊರಡುವವರೆಗೆ ಇರಲಿ ಎಂದು ಒಳಗೇ ಇಟ್ಟುಕೊಂಡಳು.